ಗುಡಿ, ಮೆಣಸಿನಕಾಯಿ, ತೇರು, ಪ್ರತಿಭಟನೆ: ನಮ್ಮ ಕಡೆಯ ಫೋಟೊ ತೆಗೆಯೋದು ಹೇಗೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಫೋಟೊಗಳನ್ನು ಒಮ್ಮೆ ಹುಡುಕಿ ನೋಡಿ. ಲಕ್ಕುಂಡಿ ಗುಡಿ ಮುಂದೆ ಬೆರಳೆತ್ತಿ ನಿಂತ ಸೆಲ್ಫಿ, ಉಣಕಲ್ ಕೆರೆಯ ಕೆಂಪು ಸೂರ್ಯ, ಚೆನ್ನಮ್ಮ ಸರ್ಕಲ್‌ನಲ್ಲಿ ಬರೀ ತಲೆಗಳೇ ಕಾಣುವ ಒಂದು ಪ್ರತಿಭಟನೆ. ಫೋಟೊ ಬೇಕಾದಷ್ಟಿವೆ. ಆದರೆ ಇದು ಯಾವ ಊರು, ಯಾವ ಹೊತ್ತು, ಅಲ್ಲಿ ಏನು ನಡೀತಿತ್ತು ಅಂತ ನೋಡಿದವರಿಗೆ ತಿಳಿಯುವ ಫೋಟೊ ಕಡಿಮೆ. ಕ್ಯಾಮೆರಾ ಸಾಲದ್ದಕ್ಕೆ ಹೀಗಾಗೋದಿಲ್ಲ. ಈಗಿನ ಹದಿನೈದು ಸಾವಿರದ ಮೊಬೈಲೂ ಈ ಕೆಲಸಕ್ಕೆ ಸಾಕು. ಯಾವ ಹೊತ್ತಿಗೆ ಹೋಗುತ್ತೀರಿ, ಎಲ್ಲಿ ನಿಲ್ಲುತ್ತೀರಿ, ಆಮೇಲೆ ಫೋಟೊ ಕೆಳಗೆ ಏನು ಬರೆಯುತ್ತೀರಿ, ಈ ಮೂರರಲ್ಲೇ ಎಲ್ಲ ಇದೆ. ಹೊರಡೋದರಿಂದ ಹಿಡಿದು ಫೋಟೊ ಕಳಿಸೋವರೆಗೆ ಒಂದೊಂದಾಗಿ ಹೇಳುತ್ತೇನೆ.

ಮೊದಲು, ಗುಡಿಯ ಮುಖ ಯಾವ ಕಡೆ ಇದೆ ನೋಡಿ

ಹುಬ್ಬಳ್ಳಿಯಿಂದ ಗದಗ ಕಡೆ ಹೋಗುವವರು ಸಾಮಾನ್ಯವಾಗಿ ಮನೆಯಲ್ಲಿ ನಾಷ್ಟಾ ಮುಗಿಸಿ, ದಾರಿಯಲ್ಲಿ ಇನ್ನೊಂದು ಸಲ ಚಹಾ ಕುಡಿದು, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಲಕ್ಕುಂಡಿ ಮುಟ್ಟುತ್ತಾರೆ. ಕೆತ್ತನೆ ಕಲ್ಲಿನ ಫೋಟೊಕ್ಕೆ ಅದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ಕೆತ್ತನೆ ಎದ್ದು ಕಾಣಬೇಕಾದರೆ ಬೆಳಕು ಪಕ್ಕದಿಂದ ಬರಬೇಕು. ಉಬ್ಬಿದ ಕಡೆ ಬಿಸಿಲು, ತಗ್ಗಿನಲ್ಲಿ ನೆರಳು ಬೀಳಬೇಕು. ನಡುಮಧ್ಯಾಹ್ನ ಸೂರಿನ ಕಪ್ಪು ನೆರಳು ಗೋಡೆ ಮೇಲೆ ಇಳಿದು ಅರ್ಧ ಮೂರ್ತಿಗಳನ್ನು ಮುಚ್ಚಿಬಿಡುತ್ತದೆ.

ನಮ್ಮ ಕಡೆ ಜನವರಿಯಲ್ಲಿ ಸೂರ್ಯ ಹುಟ್ಟೋದು ಬೆಳಿಗ್ಗೆ ಏಳರ ಹತ್ತಿರ, ಮುಳುಗೋದು ಆರೂಕಾಲರ ಮೇಲೆ. ಜೂನ್‌ನಲ್ಲಿ ಹುಟ್ಟೋದು ಆರಕ್ಕೆ, ಮುಳುಗೋದು ಏಳಕ್ಕೆ. ಹುಟ್ಟಿದ ಮೇಲಿನ ಒಂದೂವರೆ ಗಂಟೆ, ಮುಳುಗುವ ಮುಂಚಿನ ಒಂದೂವರೆ ಗಂಟೆ ನಿಮ್ಮದು. ನಡುವಿನ ಹೊತ್ತು ಊಟಕ್ಕೆ, ಪ್ರಯಾಣಕ್ಕೆ, ಜನರ ಜೊತೆ ಮಾತಿಗೆ.

ಇನ್ನು ದಿಕ್ಕು. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಅದರ ಎದುರಿಗೇ, ಅದರ ಕಡೆ ಮುಖ ಮಾಡಿಕೊಂಡು, ಒಂದು ಚಿಕ್ಕ ಸೂರ್ಯನ ಗುಡಿ ಇದೆ. ಅದು ಪಶ್ಚಿಮಕ್ಕೆ. ಹಾಗಾಗಿ ಬೆಳಿಗ್ಗೆ ದೊಡ್ಡ ಗುಡಿಗೆ ಬೆಳಕು, ಸಂಜೆ ಸಣ್ಣದಕ್ಕೆ. ಬೆಳಿಗ್ಗೆ ಒಂದು, ಸಂಜೆ ಒಂದು ಅಂತ ಎರಡು ಸಲ ಹೋಗಲು ಆಗದಿದ್ದರೆ ಬೆಳಗನ್ನೇ ಆರಿಸಿ. ಹಾವೇರಿಯ ಸಿದ್ಧೇಶ್ವರ ಗುಡಿ ಮಾತ್ರ ಬೇರೆ. ಚಾಲುಕ್ಯರ ಗುಡಿಗಳು ಸಾಮಾನ್ಯವಾಗಿ ಪೂರ್ವಕ್ಕಿದ್ದರೆ ಇದು ಪಶ್ಚಿಮಕ್ಕೆ ನಿಂತಿದೆ. ಬೆಳಿಗ್ಗೆ ಹೋದರೆ ಗುಡಿಯ ಮುಖ ಪೂರಾ ನೆರಳಲ್ಲಿ, ಹಿಂದಿನ ಆಕಾಶ ಬೆಳ್ಳಗೆ ಸುಟ್ಟು ಹೋಗಿರುತ್ತದೆ. ಅದೇ ಸಂಜೆ ಐದರ ಮೇಲೆ ಹೋಗಿ ನಿಂತು ನೋಡಿ. ಬಿಸಿಲು ಇಳಿಯುತ್ತಾ ಇಳಿಯುತ್ತಾ ಮಂಟಪದ ಕಂಬಗಳ ಬುಡಕ್ಕೆ ಬಂದು, ಒಳಗೆ ನುಗ್ಗಿ, ತಿರುವಿ ಮಾಡಿದ ಆ ಬಳಪದ ಕಲ್ಲಿನ ನುಣುಪಿಗೆ ತಾಗಿ, ಹಸಿರುಬೂದು ಕಲ್ಲು ಸ್ವಲ್ಪ ಹೊತ್ತು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಗುಡಿ ಮುಂದಿನ ಹಾಸುಗಲ್ಲಿಂದ ಬೆಳಕು ಪುಟಿದು ಚಾವಣಿಗೂ ಬೀಳುತ್ತದೆ. ಫ್ಲ್ಯಾಶ್ ಬೇಕಿಲ್ಲ, ಎಡಿಟಿಂಗ್ ಬೇಕಿಲ್ಲ. ಸರಿಯಾದ ಹೊತ್ತಿಗೆ ಹೋದದ್ದಷ್ಟೇ ನಿಮ್ಮ ಕೆಲಸ.

ಇನ್ನೊಂದು ಸಂಗತಿ ಬಹಳ ಜನ ಗಮನಿಸೋದಿಲ್ಲ. ನವೆಂಬರ್‌ನಿಂದ ಜನವರಿವರೆಗೆ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿಕೊಂಡೇ ಸಾಗುತ್ತಾನೆ. ಆಗ ಗುಡಿಗಳ ದಕ್ಷಿಣ ಗೋಡೆಗೆ, ಕಾಶಿವಿಶ್ವೇಶ್ವರದ ಆ ದಕ್ಷಿಣದ ಬಾಗಿಲವಾಡಕ್ಕೆ ಒಳ್ಳೆ ಬೆಳಕು. ಉತ್ತರ ಗೋಡೆಗೆ ಬಿಸಿಲೇ ಇಲ್ಲ. ಮೇ ಮೊದಲ ವಾರದ ಹೊತ್ತಿಗೆ ನಮ್ಮ ಅಕ್ಷಾಂಶದಲ್ಲಿ ಸೂರ್ಯ ನೆತ್ತಿ ಮೇಲೆ ಬಂದು ಉತ್ತರಕ್ಕೆ ದಾಟುತ್ತಾನೆ, ಆಗಸ್ಟ್ ಎರಡನೇ ವಾರದಲ್ಲಿ ವಾಪಸ್ ಬರುತ್ತಾನೆ. ಉತ್ತರ ಗೋಡೆಗೆ ದಿನವಿಡೀ ಬಿಸಿಲು ಬೇಕಾದರೆ ಈ ಮೂರು ತಿಂಗಳೇ ಗತಿ. ಅದರಲ್ಲಿ ಜೂನ್, ಜುಲೈ ಮೋಡ. ಅಂದರೆ ಮೇ ತಿಂಗಳು, ಆ ಸೆಖೆಯಲ್ಲಿ! ಡಂಬಳದ ದೊಡ್ಡಬಸಪ್ಪ ಗುಡಿಯಲ್ಲಿ ಈ ತಾಪತ್ರಯ ಕಡಿಮೆ. ಅದರ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಬಿಸಿಲು ಯಾವ ಕಡೆಯಿಂದ ಬಂದರೂ ಒಂದು ಮೂಲೆ ಬೆಳಕಲ್ಲಿ, ಪಕ್ಕದ್ದು ನೆರಳಲ್ಲಿ ಇದ್ದೇ ಇರುತ್ತದೆ.

ನಡುಮಧ್ಯಾಹ್ನವೇ ಚೆನ್ನಾಗಿ ಬರೋದು ಬಾವಿ. ಲಕ್ಕುಂಡಿಯ ಮಾಣಿಕೇಶ್ವರ ಗುಡಿ ಪಕ್ಕದ ಮುಸುಕಿನ ಬಾವಿಯಲ್ಲಿ ಕೆಳಗಿನ ಮೆಟ್ಟಿಲಿಗೆ ಬಿಸಿಲು ಇಳಿಯಬೇಕಾದರೆ ಸೂರ್ಯ ಮೇಲೇ ಇರಬೇಕು. ಬೆಳಿಗ್ಗೆ ಗುಡಿ, ಮಧ್ಯಾಹ್ನ ಬಾವಿ. ಒಂದೇ ಊರಲ್ಲಿ ದಿನ ಕಳೆಯಿತು.

ಚೀಲದಲ್ಲಿ ಏನಿರಬೇಕು

ಜಾಸ್ತಿ ಏನೂ ಬೇಡ. ತುಂಬಿದ ಪವರ್ ಬ್ಯಾಂಕ್, ಲೆನ್ಸ್ ಒರೆಸಲು ಮೆತ್ತನೆ ಬಟ್ಟೆ, ಒಂದೆರಡು ಪಾರದರ್ಶಕ ಪ್ಲಾಸ್ಟಿಕ್ ಚೀಲ, ಸಣ್ಣ ನೋಟ್‌ಬುಕ್, ಪೆನ್ನು, ನೀರು, ಟೊಪ್ಪಿಗೆ. ಕ್ಯಾಮೆರಾ ಇದ್ದರೆ ಎರಡು ಮೆಮರಿ ಕಾರ್ಡ್. ಟ್ರೈಪಾಡ್ ಮನೆಯಲ್ಲೇ ಇರಲಿ. ಪುರಾತತ್ವ ಇಲಾಖೆಯ ಸಂರಕ್ಷಿತ ಗುಡಿಗಳಲ್ಲಿ ಕೈಯಲ್ಲಿ ಹಿಡಿದು ಫೋಟೊ ತೆಗೆಯಲು ಯಾರೂ ಅಡ್ಡ ಬರೋದಿಲ್ಲ, ಟ್ರೈಪಾಡ್ ನಿಲ್ಲಿಸಿದರೆ ಅನುಮತಿ ಪತ್ರ ಕೇಳುತ್ತಾರೆ.

ಮಳೆಗಾಲದಲ್ಲಿ ನವಲಗುಂದ, ನರಗುಂದ, ರೋಣದ ಕಡೆ ಹೋಗುವುದಾದರೆ ಎರಿ ಮಣ್ಣನ್ನು ನೆನಪಿಡಿ. ಒಂದು ಹದ ಮಳೆ ಬಿದ್ದರೂ ಸಾಕು, ಹೊಲದ ದಾರಿಗೆ ಬೈಕ್ ಇಳಿಸಿದರೆ ಗಾಲಿಗೂ ಮಡ್‌ಗಾರ್ಡ್‌ಗೂ ನಡುವೆ ಮಣ್ಣು ಮೆತ್ತಿಕೊಂಡು ಗಾಡಿ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಡಾಂಬರಿನ ಮೇಲೆ ನಿಲ್ಲಿಸಿ ನಡೆದು ಹೋಗಿ.

ಮೊಬೈಲ್‌ನಲ್ಲಿ ಇಷ್ಟು ಬದಲಿಸಿ

ಲೆನ್ಸ್ ಒರೆಸಿ. ತಮಾಷೆ ಅಲ್ಲ, ಮಬ್ಬು ಬರುವ ಫೋಟೊಗಳಲ್ಲಿ ಅರ್ಧಕ್ಕೆ ಬೆರಳಿನ ಎಣ್ಣೆಯೇ ಕಾರಣ. ಗ್ರಿಡ್ ಹಾಕಿಕೊಳ್ಳಿ, ಕಂಬ ವಾಲಿದ್ದು ತಕ್ಷಣ ಗೊತ್ತಾಗುತ್ತದೆ. ಬೆರಳಿಂದ ಎಳೆದು ಜೂಮ್ ಮಾಡೋದು ಬಿಡಿ, ಕಾಲಿಂದ ಹತ್ತಿರ ಹೋಗಿ. ಪರದೆ ಮೇಲೆ ಬೇಕಾದ ಜಾಗ ಮುಟ್ಟಿ ಒತ್ತಿ ಹಿಡಿದರೆ ಫೋಕಸ್ಸೂ ಬೆಳಕೂ ಅಲ್ಲೇ ಲಾಕ್ ಆಗುತ್ತವೆ. ಆಮೇಲೆ ಬೆರಳು ಕೆಳಗೆ ಸರಿಸಿ ಸ್ವಲ್ಪ ಕತ್ತಲು ಮಾಡಿ. ಕಪ್ಪು ಕಲ್ಲಿನ ಗುಡಿಯಲ್ಲಿ ಇದು ಬೇಕೇ ಬೇಕು. ಕಪ್ಪು ಜಾಸ್ತಿ ಕಂಡರೆ ಕ್ಯಾಮೆರಾ ತಾನೇ ಬೆಳಕು ಏರಿಸುತ್ತದೆ, ಕಲ್ಲು ಬೂದಿಯಾಗಿ ಬರುತ್ತದೆ.

ಫೋಟೊ ಮೇಲೇ ತಾರೀಖು ಮುದ್ರಿಸುವ ವಾಟರ್‌ಮಾರ್ಕ್ ಆಫ್ ಮಾಡಿ. ತಾರೀಖು ಹೇಗೂ ಫೈಲಿನೊಳಗೆ ಇರುತ್ತದೆ. ಗಡಿಯಾರ ಮಾತ್ರ ಸರಿಯಾಗಿರಲಿ, ಕ್ಯಾಮೆರಾ ಇರುವವರು ಇದನ್ನು ವಿಶೇಷವಾಗಿ ನೋಡಿಕೊಳ್ಳಿ.

ಒಂದು ಜಾಗಕ್ಕೆ ಮೂರು ಅಂತರ

ಎಲ್ಲಿಗೇ ಹೋಗಿ, ಕಡಿಮೆಯೆಂದರೂ ಮೂರು ಫೋಟೊ ತೆಗೆಯಿರಿ. ದೂರದಿಂದ ಒಂದು, ಊರು ಯಾವುದೆಂದು ತಿಳಿಯುವ ಹಾಗೆ. ನಡುವಿನಿಂದ ಒಂದು, ಯಾರು ಏನು ಮಾಡುತ್ತಿದ್ದಾರೆ ಎಂದು ಕಾಣುವ ಹಾಗೆ. ತೀರ ಹತ್ತಿರದಿಂದ ಒಂದು. ಪತ್ರಿಕೆಯ ಫೋಟೊಗ್ರಾಫರ್‌ಗಳು ಯೋಚಿಸದೆಯೇ ಹೀಗೆ ತೆಗೆಯುತ್ತಾರೆ, ನಾವು ನೆನಪಿಟ್ಟುಕೊಂಡು ತೆಗೆಯಬೇಕು, ಅಷ್ಟೇ ವ್ಯತ್ಯಾಸ.

ಅಭ್ಯಾಸಕ್ಕೆ ಧಾರವಾಡದ ಲೈನ್ ಬಜಾರ್‌ಗೆ ಹೋಗಿ. ದೂರದಿಂದ ಪೇಡೆ ಅಂಗಡಿ ಮುಂದಿನ ಸಾಲು, ಮೇಲಿನ ಬೋರ್ಡು ಸಹಿತ. ನಡುವಿನಿಂದ ತೂಕ ಮಾಡುವ ಕೈ, ಕಾಯುವ ಮುಖ. ಹತ್ತಿರದಿಂದ ಸಕ್ಕರೆ ಪುಡಿ ಹತ್ತಿದ ಕಂದು ಪೇಡೆ, ಕಟ್ಟುತ್ತಿರುವ ಪೊಟ್ಟಣ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮಾತು ಬೇಕಾಗೋದಿಲ್ಲ.

ಹುಬ್ಬಳ್ಳಿ ಸ್ಟೇಷನ್‌ನಲ್ಲಿ ದೂರದ ಫೋಟೊವೇ ಕಷ್ಟ. ಅಲ್ಲಿನ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಎಲ್ಲರೂ ವೈಡ್ ಲೆನ್ಸ್ ಹಾಕಿ ಒಂದೂವರೆ ಕಿಲೋಮೀಟರನ್ನು ಒಂದೇ ಚೌಕಟ್ಟಿಗೆ ತುರುಕಲು ನೋಡುತ್ತಾರೆ. ಬರೋದು ಯಾವುದೋ ಒಂದು ಪ್ಲಾಟ್‌ಫಾರ್ಮ್, ಅಷ್ಟೇ. ಉದ್ದ ಕಾಣಬೇಕಾದರೆ ಅಳತೆಗೆ ಒಬ್ಬ ಮನುಷ್ಯ ಬೇಕು. ಪ್ಲಾಟ್‌ಫಾರ್ಮ್‌ನ ಒಂದು ಬದಿಗೆ ನಿಂತು, ಮೊಬೈಲಿನ, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್‌ನಲ್ಲಿ, ಲಗೇಜ್ ಹೊತ್ತು ನಡೆದು ಹೋಗುವವರನ್ನು ಮುಂದಿಟ್ಟುಕೊಂಡು ಅವರ ಹಿಂದೆ ಕಂಬ, ದೀಪ, ಸೂರು ಸಣ್ಣದಾಗುತ್ತಾ ಹೋಗುವ ಹಾಗೆ ತೆಗೆಯಿರಿ. ಪಾದಚಾರಿ ಸೇತುವೆ ಮೇಲಿಂದಲೂ ಚೆನ್ನಾಗಿ ಬರುತ್ತದೆ. ಒಳ್ಳೆ ಕೋನ ಸಿಗಲಿ ಅಂತ ಹಳಿಗೆ ಮಾತ್ರ ಇಳಿಯಬೇಡಿ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅದು ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ. ಜೀವದ ಮಾತಂತೂ ಬೇರೆ.

ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ಒಂದು ಆಟ ಆಡಬಹುದು. ಶಟರ್, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, 1/30 ಸೆಕೆಂಡಿಗೆ ಇಳಿಸಿ, ಬಸ್ ಬರುವಾಗ ಅದರ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ಕ್ಲಿಕ್ ಮಾಡಿ. ಬಸ್ ಸ್ಪಷ್ಟ, ಹಿಂದಿನ ಅಂಗಡಿಗಳೆಲ್ಲ ಗೆರೆಗೆರೆ. ಹತ್ತು ತೆಗೆದರೆ ಒಂದು ಬರುತ್ತದೆ.

ಗುಡಿ ಒಳಗಿನ ಕತ್ತಲು

ಬಂಕಾಪುರದ ಕೋಟೆಯೊಳಗಿನ ನಗರೇಶ್ವರ ಗುಡಿಯನ್ನು ಜನ ಅರವತ್ತು ಕಂಬದ ಗುಡಿ ಅಂತಲೇ ಕರೆಯುತ್ತಾರೆ. ಸುತ್ತ ನವಿಲುಗಳ ಕೂಗು. ಒಳಗೆ ನಿಂತು ಹೊರಗೆ ನೋಡಿದರೆ ಬಿಸಿಲು ಕಣ್ಣು ಕುಕ್ಕುತ್ತದೆ, ಕಂಬ ಕತ್ತಲಲ್ಲಿವೆ. ನಮ್ಮ ಕಣ್ಣು ಎರಡನ್ನೂ ಸಂಭಾಳಿಸುತ್ತದೆ, ಕ್ಯಾಮೆರಾಕ್ಕೆ ಆಗೋದಿಲ್ಲ. ಯಾವುದು ಬೇಕು ನೀವೇ ತೀರ್ಮಾನಿಸಿ. ಬೆಳಕಿಗೆ ಲಾಕ್ ಮಾಡಿ ಕಂಬಗಳನ್ನು ಕಪ್ಪು ಆಕಾರಗಳಾಗಿ ಬಿಡಿ. ಇಲ್ಲವೆಂದರೆ ಬಿಸಿಲಿಗೆ ಬೆನ್ನು ಮಾಡಿ ನಿಂತು, ಹೊರಗಿನ ಬೆಳಕು ಬಿದ್ದ ಕಂಬದ ಒಂದು ಬದಿಯನ್ನಷ್ಟೇ ತೆಗೆಯಿರಿ. ತಿರುವಿದ ಕಂಬದ ಮೇಲೆ ಬೆಳಕು ಉದ್ದನೆ ಗೆರೆಯಾಗಿ ಇಳಿದಿರುತ್ತದೆ, ಆ ಗೆರೆಯೇ ಫೋಟೊ. ಫ್ಲ್ಯಾಶ್ ಹಾಕಿದಿರೋ, ಗೆರೆ ಹೋಯಿತು, ಕಂಬ ಪ್ಲಾಸ್ಟಿಕ್ ಪೈಪಾಯಿತು.

ಪೂಜೆ ನಡೆಯುವ ಗುಡಿಗಳಲ್ಲಿ, ಗದಗದ ವೀರನಾರಾಯಣನಲ್ಲಿ ಆಗಲಿ, ನುಗ್ಗಿಕೇರಿ ಹನುಮಪ್ಪನಲ್ಲಿ ಆಗಲಿ, ಗರ್ಭಗುಡಿ ಕಡೆ ಕ್ಯಾಮೆರಾ ಎತ್ತುವ ಮುಂಚೆ ಪೂಜಾರಿಯವರನ್ನು ಕೇಳಿ. ಬೇಡ ಅಂದರೆ ಬೇಡ.

ಬ್ಯಾಡಗಿ: ಕೆಂಪು ಬಣ್ಣದ ಪರೀಕ್ಷೆ

ಮಾರುಕಟ್ಟೆ ಫೋಟೊ ಕಲಿಯಲು ಬ್ಯಾಡಗಿಗಿಂತ ಒಳ್ಳೆ ಜಾಗ ನಮ್ಮ ಕಡೆ ಇಲ್ಲ. ಕಷ್ಟದ ಜಾಗವೂ ಅದೇ. ಚಳಿಗಾಲ ಮುಗಿಯುವ ಹೊತ್ತಿಗೆ ಆವಕ ಏರುತ್ತದೆ. ದಲಾಲಿ ಅಂಗಡಿಗಳ ಮುಂದೆ ಚೀಲಗಳು, ರಾಶಿಗಳು, ಎಲ್ಲಿ ನೋಡಿದರೂ ಕೆಂಪು. ಮೊಬೈಲ್ ಎತ್ತಿ ಕ್ಲಿಕ್ ಮಾಡುತ್ತೀರಿ. ಬರೋದು ಕೆಂಪು ಕಂಬಳಿಯಂಥ ಒಂದು ಮುದ್ದೆ. ಮೆಣಸಿನಕಾಯಿ ಯಾವುದು, ಅದರ ಸುಕ್ಕು ಯಾವುದು, ಒಂದೂ ತಿಳಿಯೋದಿಲ್ಲ.

ಕಾರಣ ಇದು. ಕ್ಯಾಮೆರಾ ಕೆಂಪು, ಹಸಿರು, ನೀಲಿ ಅಂತ ಮೂರು ಪಾಲಾಗಿ ಬೆಳಕು ಹಿಡಿಯುತ್ತದೆ. ಮೆಣಸಿನಕಾಯಿ ರಾಶಿಯಲ್ಲಿ ಕೆಂಪಿನ ಪಾಲು ತುಂಬಿ ತುಳುಕುತ್ತದೆ, ಉಳಿದೆರಡು ಖಾಲಿ. ಒಟ್ಟು ಬೆಳಕು ಸರಿ ಇದೆ ಅಂತ ಕ್ಯಾಮೆರಾ ತಿಳಿದುಕೊಳ್ಳುತ್ತದೆ, ಅಷ್ಟರಲ್ಲಿ ಕೆಂಪಿನೊಳಗಿನ ವಿವರ ಅಳಿಸಿ ಹೋಗಿರುತ್ತದೆ. ಒಮ್ಮೆ ಹೋದದ್ದು ಎಡಿಟಿಂಗ್‌ನಲ್ಲಿ ವಾಪಸ್ ಬರೋದಿಲ್ಲ.

ಹೀಗೆ ಮಾಡಿ. ಬೆಳಕನ್ನು (ಎಕ್ಸ್‌ಪೋಶರ್‌ನ +/- ಗುರುತಿನಲ್ಲಿ) ಮೈನಸ್ 0.7 ಅಥವಾ ಮೈನಸ್ 1ಕ್ಕೆ ಇಳಿಸಿ. ಮೊಬೈಲ್‌ನ ‘ವಿವಿಡ್’ ಫಿಲ್ಟರ್ ಆಫ್ ಮಾಡಿ. ನೇರ ಬಿಸಿಲಿನ ರಾಶಿ ಬಿಟ್ಟು ಸೂರಿನ ಅಂಚಿನಲ್ಲಿರುವ, ಒಂದು ಕಡೆಯಿಂದ ಮಾತ್ರ ಬೆಳಕು ಬರುವ ಚೀಲ ಹುಡುಕಿ. ಆಮೇಲೆ ಹತ್ತಿರ ಹೋಗಿ. ಬ್ಯಾಡಗಿಯಲ್ಲಿ ಡಬ್ಬಿ ಅಂತ ಗಿಡ್ಡ, ದಪ್ಪ ಕಾಯಿ, ಕಡ್ಡಿ ಅಂತ ಉದ್ದನೆ, ತೆಳ್ಳನೆ, ಮೈ ತುಂಬ ಸುಕ್ಕಿನ ಕಾಯಿ. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದರೆ ನೋಡುವವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಕೆಂಪಲ್ಲದ ಏನಾದರೂ ಒಂದು ಇರಲಿ. ಗೋಣಿಚೀಲದ ಅಂಚು, ಬಿಳಿ ಟೊಪ್ಪಿಗೆ, ಕಾಯಿ ಮುರಿದು ಬಣ್ಣ ನೋಡುವ ಖರೀದಿದಾರನ ಹೆಬ್ಬೆರಳು. ಆ ಹೆಬ್ಬೆರಳಿಗೆ ಹತ್ತಿದ ಕೆಂಪು ಪುಡಿ ನನಗೆ ಇಡೀ ರಾಶಿಗಿಂತ ಒಳ್ಳೆ ಫೋಟೊ.

ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಘಾಟಿಗೆ ಹೊಸಬರು ಸೀನಿ ಸೀನಿ ಸುಸ್ತಾಗುತ್ತಾರೆ. ಕ್ಯಾಮೆರಾದವರು ಅಲ್ಲಿ ಲೆನ್ಸ್ ಬದಲಿಸಬೇಡಿ. ಕಣ್ಣು ಉಜ್ಜಲೇಬೇಡಿ.

ಕೇಳಿ, ಆಮೇಲೆ ತೆಗೆಯಿರಿ

ನಮ್ಮ ಕಡೆ ಮಂದಿ ಫೋಟೊಕ್ಕೆ ಬೇಡ ಅನ್ನೋದು ಕಡಿಮೆ. ಆದರೆ ಕೇಳದೆ ತೆಗೆದರೆ ಸಿಟ್ಟು ಬರೋದು ಸಹಜ, ಅಲ್ವಾ? ಕ್ಯಾಮೆರಾ ಚೀಲದಲ್ಲೇ ಇರಲಿ, ಮೊದಲು ಒಂದು ಮಾತಾಡಿ. ಈ ಸಲ ಕಾಯಿ ಹೆಂಗ ಐತಿ, ಮಳಿ ಆತೇನ್ರಿ, ಅಷ್ಟು ಸಾಕು.

“ಕಾಕಾ, ಒಂದು ಫೋಟೊ ತಗೀಲೇನ್ರಿ?”

“ತಗಿಯಪಾ. ಪೇಪರ್‌ನ್ಯಾಗ ಬರತೈತೇನು?”

“ಇಲ್ರಿ, ನಾನು ಸುಮ್ನ ತಗೀತೀನ್ರಿ.”

“ಹಂಗಾದ್ರ ತಡಿ, ರುಮಾಲ ಸುತ್ತಿಕೊಂತೀನಿ.”

ರುಮಾಲು ಸುತ್ತಿಕೊಂಡು ಎದೆ ಸೆಟೆದು ನಿಂತ ಆ ಮೊದಲ ಫೋಟೊ ಅವರದ್ದು. ಅದನ್ನು ತೆಗೆದು ಪರದೆಯಲ್ಲಿ ತೋರಿಸಿ. ಆಮೇಲೆ ಹೋಗಬೇಡಿ, ಅಲ್ಲೇ ಇರಿ. ಸ್ವಲ್ಪ ಹೊತ್ತಿಗೆ ನೀವು ಇದ್ದೀರೆಂಬುದೇ ಅವರಿಗೆ ಮರೆತು ಕೆಲಸಕ್ಕೆ ತಿರುಗುತ್ತಾರೆ. ಆಗ ಬರುವ ಫೋಟೊ ನಿಮ್ಮದು. ಹೆಸರು, ಊರು ಕೇಳಿ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಹೆಣ್ಣುಮಕ್ಕಳ ಫೋಟೊ ದೂರದಿಂದ ಕದ್ದು ತೆಗೆಯಬೇಡಿ. ಮಕ್ಕಳದ್ದಾದರೆ ತಂದೆ-ತಾಯಿಯನ್ನು ಕೇಳಿ.

ತೇರು, ಬಣ್ಣ, ಹೋರಿ

ಜಾತ್ರೆಗೆ ಹಿಂದಿನ ದಿನವೇ ಹೋಗಿ ಜಾಗ ನೋಡಿ ಬನ್ನಿ. ತೇರು ಎಲ್ಲಿಂದ ಎಲ್ಲಿಗೆ, ಬಿಸಿಲು ಯಾವ ಕಡೆ, ಯಾರ ಮನೆಯ ಮಾಳಿಗೆ ಹತ್ತಬಹುದು. ಮಾಳಿಗೆಯವರನ್ನು ಆಗಲೇ ಒಪ್ಪಿಸಿ. ಹುಬ್ಬಳ್ಳಿ ಸಿದ್ಧಾರೂಢ ಮಠದ ಶಿವರಾತ್ರಿ ಜಾತ್ರೆಯಲ್ಲಿ ನಾಲ್ಕು ಗಂಟೆಗೆ ಹೋಗಿ ಜಾಗ ಹುಡುಕುತ್ತೇನೆಂದರೆ ಸಿಗೋದು ಮುಂದಿನವರ ಬೆನ್ನು.

ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆಯುವ ಕ್ಷಣ ಗಾಳಿಯಲ್ಲೇ ನಿಲ್ಲಬೇಕಾದರೆ ಶಟರ್ 1/1000 ಬೇಕು. ಮೊಬೈಲ್‌ನಲ್ಲಾದರೆ ಬರ್ಸ್ಟ್ (ಒಂದೇ ಸಮನೆ ಹಲವು ಫೋಟೊ) ಹಿಡಿಯಿರಿ. ಎಲ್ಲರೂ ತೇರಿನ ಕಳಸವನ್ನೇ ತೆಗೆಯುತ್ತಾರೆ. ನೀವು ಒಮ್ಮೆ ತಿರುಗಿ ಮುಖಗಳನ್ನು ನೋಡಿ. ತಲೆ ಮೇಲೆ ಉತ್ತತ್ತಿ ಬೀಳೋದು ಇದ್ದೇ ಇದೆ, ಲೆನ್ಸಿಗೆ ಹುಡ್ ಹಾಕಿಕೊಳ್ಳಿ.

ಹುಬ್ಬಳ್ಳಿಯಲ್ಲಿ ಬಣ್ಣ ಜೋರಾಗೋದು ರಂಗಪಂಚಮಿಗೆ. ರತಿ-ಕಾಮರ ಮೂರ್ತಿಗಳ ಮುಂದೆ ಹಲಗಿ ಬಾರಿಸುವವರ ಕೈ 1/60ರಲ್ಲಿ ತೆಗೆದರೆ ಕೈ ಮಸುಕು, ಮುಖ ಸ್ಪಷ್ಟ, ಸದ್ದು ಕೇಳಿಸಿದ ಹಾಗೆ ಬರುತ್ತದೆ. 1/500ರಲ್ಲಿ ತೆಗೆದರೆ ಕೈ ಗಾಳಿಯಲ್ಲಿ ನಿಂತುಬಿಡುತ್ತದೆ, ಹಲಗಿ ಬಾರಿಸುತ್ತಿದ್ದಾರೋ ಹಿಡಿದುಕೊಂಡು ನಿಂತಿದ್ದಾರೋ ತಿಳಿಯೋದಿಲ್ಲ. ನನ್ನ ಮತ ಮಸುಕಿಗೆ. ಮೊಬೈಲನ್ನು ಪಾರದರ್ಶಕ ಚೀಲದಲ್ಲಿ ಹಾಕಿ, ಲೆನ್ಸ್ ಮೇಲೆ ಪ್ಲಾಸ್ಟಿಕ್ ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿ. ಒಣ ಬಣ್ಣವೂ ನೀರಿನಷ್ಟೇ ಹಾಳು.

ದೀಪಾವಳಿ ಆದ ಮೇಲೆ ಹಾವೇರಿ ಕಡೆ ಹೋರಿ ಬೆದರಿಸುವ ಹಬ್ಬ. ಕೊಬ್ಬರಿ ಸರ, ಬಲೂನು, ಜೂಲು ಹೊತ್ತ ಹೋರಿ ಓಡಿ ಬರುವುದನ್ನು ಅಖಾಡದ ನಡುವೆ ನಿಂತು ತೆಗೆಯುವ ಹುಚ್ಚು ಬೇಡವೇ ಬೇಡ. ಪ್ರತಿವರ್ಷ ಜನ ತಿವಿಸಿಕೊಳ್ಳುತ್ತಾರೆ, ಸಾವೂ ಆಗಿವೆ. ಪರದೆ ನೋಡುತ್ತಾ ನಿಂತವನಿಗೆ ಹೋರಿ ಎಷ್ಟು ಹತ್ತಿರ ಬಂತು ಅಂತ ಅಂದಾಜು ಸಿಗೋದಿಲ್ಲ. ಬೇಲಿಯ ಹಿಂದೆ, ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಅಥವಾ ಮಾಳಿಗೆ ಮೇಲೆ ನಿಲ್ಲಿ. ನಿಜ ಹೇಳಬೇಕೆಂದರೆ ಹಬ್ಬದ ಹಿಂದಿನ ರಾತ್ರಿ ಮನೆಯಂಗಳದಲ್ಲಿ ಹೋರಿಯ ಮೈ ತೊಳೆದು ಸರ ಪೋಣಿಸುವ ಕೆಲಸ ಓಟಕ್ಕಿಂತ ಚೆನ್ನಾಗಿ ಬರುತ್ತದೆ, ಅದನ್ನು ತೆಗೆಯುವವರೂ ಕಡಿಮೆ.

ಪ್ರತಿಭಟನೆ, ನೆರೆ, ಅಪಘಾತ

ಸುದ್ದಿ ಫೋಟೊಕ್ಕೆ ನಿಯಮ ಒಂದೇ: ನಡೆದದ್ದನ್ನು ತೆಗೆಯಿರಿ, ನಡೆಸಬೇಡಿ. “ಅಣ್ಣಾರ, ಇನ್ನೊಂದು ಸಲ ಘೋಷಣೆ ಕೂಗ್ರಿ” ಅಂತ ಹೇಳಿದ ಕ್ಷಣ ಅದು ನಾಟಕದ ಫೋಟೊ. ಬಣ್ಣ, ಬೆಳಕು ಸ್ವಲ್ಪ ತಿದ್ದಬಹುದು. ಒಬ್ಬರನ್ನು ಅಳಿಸೋದು, ಸೇರಿಸೋದು ಬೇಡ. ಮೊಬೈಲಿನಲ್ಲಿ ಈಗ ಬೇಡದವರನ್ನು ಬೆರಳಿಂದ ಮಾಯ ಮಾಡುವ ಸೌಲಭ್ಯ ಇದೆಯಲ್ಲ, ಮದುವೆ ಫೋಟೊಕ್ಕೆ ಇಟ್ಟುಕೊಳ್ಳಿ.

ಚೆನ್ನಮ್ಮ ಸರ್ಕಲ್‌ನ ಪ್ರತಿಭಟನೆಗೆ ಹೋದರೆ ಮೊದಲು ಎತ್ತರದ ಜಾಗದಿಂದ ಒಂದು, ಚೆನ್ನಮ್ಮನ ಪ್ರತಿಮೆ ಕಾಣುವ ಹಾಗೆ. ಅದೊಂದಿದ್ದರೆ ಊರು ಹೇಳಬೇಕಿಲ್ಲ. ಆಮೇಲೆ ಬದಿಯಿಂದ ಬನ್ನಿ. ಫಲಕದ ಅಕ್ಷರ ಓದಲು ಬರಬೇಕು. ನೂರು ಜನ ಇದ್ದರೆ ನೂರೇ ಕಾಣಲಿ, ಟೆಲಿ ಲೆನ್ಸ್‌ನಲ್ಲಿ ಒತ್ತಿ ಹಿಡಿದು ಸಾವಿರ ಮಾಡಬೇಡಿ. ಪೊಲೀಸರು ಮತ್ತು ಗುಂಪಿನ ನಡುವೆ ಯಾವತ್ತೂ ನಿಲ್ಲಬೇಡಿ, ಬೆನ್ನ ಹಿಂದೆ ಹೊರಹೋಗುವ ದಾರಿ ಇರಲಿ. 2024ರ ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಬಿತ್ತೆಂದು ಸಿಟ್ಟಿಗೆದ್ದವರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದರು. ಬೆಳಿಗ್ಗೆ ದರ ಕೇಳುತ್ತಾ ನಿಂತ ಗುಂಪು ಹಾಗೆ ತಿರುಗಬಹುದು ಅಂತ ಯಾರಿಗೂ ಗೊತ್ತಿರೋದಿಲ್ಲ. ಕಲ್ಲು ಬಿದ್ದರೆ ಫೋಟೊ ಬಿಟ್ಟು ಹೊರಡಿ.

ಮಳೆಗಾಲದಲ್ಲಿ ಬೆಣ್ಣಿಹಳ್ಳ ಸುದ್ದಿಯಾಗುತ್ತದೆ. ಮೇಲೆ ಎಲ್ಲೋ ಮಳೆ ಬಿದ್ದು ಇಲ್ಲಿ ಬಿಸಿಲಿದ್ದಾಗಲೂ ಹಳ್ಳ ಏರುತ್ತದೆ. ಮುಳುಗಿದ ಸೇತುವೆ ಮೇಲೆ ನಡೆದು ನೋಡಬೇಡಿ. ನೀರು ಎಷ್ಟು ಬಂದಿದೆ ಅಂತ ತಿಳಿಯಲು ಅಳತೆ ಹುಡುಕಿ. ಕರೆಂಟ್ ಕಂಬ, ಮೈಲಿಗಲ್ಲು, ಮನೆಯ ಕಿಟಕಿ. ನೀರು ಇಳಿದ ಮರುದಿನ ಮತ್ತೆ ಅದೇ ಜಾಗಕ್ಕೆ ಹೋಗಿ ಅದೇ ಕೋನದಿಂದ ಇನ್ನೊಂದು ತೆಗೆಯಿರಿ. ಗೋಡೆ ಮೇಲಿನ ಕೆಸರಿನ ಗೆರೆ, ಅಂಗಳದಲ್ಲಿ ಒಣಗಲು ಹಾಕಿದ ಶಾಲೆ ಪುಸ್ತಕ. ಪರಿಹಾರದ ಅರ್ಜಿಗೂ ಇಂಥ ಫೋಟೊ ಕೆಲಸಕ್ಕೆ ಬರುತ್ತವೆ.

ಅಪಘಾತದಲ್ಲಿ ಮೊದಲು 108ಕ್ಕೆ ಫೋನ್. ಗಾಯಾಳುಗಳ ಮುಖ, ಹೆಣದ ಮುಖ ಬೇಡ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಿಟ್ಟುಕೊಡುವ ಫೋಟೊ, ಅವರ ಮನೆ, ಶಾಲೆಯ ಫೋಟೊ ಕೂಡ, ಹಂಚಿಕೊಳ್ಳುವುದು ಕಾನೂನಿನ ಪ್ರಕಾರ ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಕಲಂ ಇದೆ. ಮುಖ ಮಸುಕು ಮಾಡಿದ್ದೇನಲ್ಲ ಅನ್ನೋದು ಸಾಲದು, ಓಣಿಯವರಿಗೆ ಅಂಗಿ ನೋಡಿದರೂ ಗುರುತು ಸಿಗುತ್ತದೆ.

ಮಾಗಡಿ ಕೆರೆ ಮತ್ತು ಡ್ರೋನ್

ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳೇ ಅಲ್ಲಿನ ಆಕರ್ಷಣೆ. ಹೊಲಗಳಲ್ಲಿ ಮೇದು ಬಂದು ಹಗಲು ನೀರಲ್ಲಿ ವಿಶ್ರಾಂತಿ ಮಾಡುತ್ತವೆ. ಮುಂಜಾನೆ ಹೋಗಿ ಒಂದು ಕಡೆ ಕೂತುಬಿಡಿ. ಮೊಬೈಲ್‌ಗೆ ಹಕ್ಕಿ ದೂರವೇ, ಆದ್ದರಿಂದ ಒಂದು ಹಕ್ಕಿಯ ಆಸೆ ಬಿಟ್ಟು ಹಿಂಡು, ನೀರು, ಹಿಂದಿನ ಹೊಲ ಎಲ್ಲ ಸೇರಿಸಿ ತೆಗೆಯಿರಿ. ಹಾರುವ ಫೋಟೊ ಬೇಕೆಂದು ಕಲ್ಲು ಎಸೆಯುವವರೂ ಇದ್ದಾರೆ. ಅಂಥವರ ಜೊತೆ ಹೋಗಬೇಡಿ.

ಅಲ್ಲಿ ಡ್ರೋನ್ ಹಾರಿಸುವ ಯೋಚನೆ ಬಿಡಿ, ಹಿಂಡು ಗಾಬರಿಯಾಗುತ್ತದೆ. ಹುಬ್ಬಳ್ಳಿ ಊರೊಳಗೂ ಸುಲಭ ಇಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗೆ ಹಾರಿಸಲು ಅನುಮತಿ ಬೇಕು, ನಮ್ಮ ವಿಮಾನ ನಿಲ್ದಾಣ ಗೋಕುಲ ರಸ್ತೆಯಲ್ಲೇ ಇದೆ. ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ನೋಡಿಕೊಳ್ಳಿ.

ಕೊನೆಗೆ, ಮನೆಗೆ ಬಂದ ಮೇಲೆ

ಅದೇ ರಾತ್ರಿ ಕೂತು ಆರಿಸಿ. ಮರುದಿನಕ್ಕೆ ಬಿಟ್ಟರೆ ಹೆಸರು, ಊರು ಕಲಸುಮೇಲೋಗರ. ನೂರು ತೆಗೆದಿದ್ದರೆ ಹತ್ತು ಇಟ್ಟುಕೊಳ್ಳಿ. ಫೈಲಿಗೆ ತಾರೀಖು-ಊರು-ವಿಷಯ ಅಂತ ಹೆಸರಿಡಿ. ಒಂದು ಪ್ರತಿ ಹಾರ್ಡ್ ಡಿಸ್ಕ್‌ಗೆ, ಒಂದು ಕ್ಲೌಡ್‌ಗೆ.

ಆಮೇಲೆ ಅಡಿಬರಹ. “ನಮ್ಮ ಹೆಮ್ಮೆಯ ಗದಗ” ಅಂತ ಬರೆದರೆ ಯಾರಿಗೂ ಏನೂ ತಿಳಿಯೋದಿಲ್ಲ. “ಲಕ್ಕುಂಡಿಯ ಬ್ರಹ್ಮ ಜಿನಾಲಯ, ಪೂರ್ವದ ಕಡೆಯಿಂದ, ಡಿಸೆಂಬರ್ ಬೆಳಿಗ್ಗೆ ಎಂಟು ಗಂಟೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ್ದು.” ಇಷ್ಟು ಬರೆಯಿರಿ. ಸುದ್ದಿ ಫೋಟೊ ಆದರೆ ಯಾರು, ಏನು, ಎಲ್ಲಿ, ಯಾವಾಗ, ಅದರ ಮೇಲೆ ಒಂದು ಸಾಲು ಯಾಕೆ. ಹಳೇ ನೆರೆಯ ಫೋಟೊ ಪ್ರತಿ ಮಳೆಗಾಲಕ್ಕೂ ‘ಇವತ್ತಿನದು’ ಅಂತ ಗ್ರೂಪುಗಳಲ್ಲಿ ಸುತ್ತುತ್ತದೆ. ಅಡಿಬರಹದಲ್ಲಿ ತಾರೀಖು ಇದ್ದರೆ ನಿಮ್ಮದನ್ನು ಹಾಗೆ ಸುತ್ತಿಸೋದು ಸ್ವಲ್ಪ ಕಷ್ಟ.

ಕಳಿಸುವಾಗ ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಬೇಡಿ. ಅದು ಫೈಲನ್ನು ಕುಗ್ಗಿಸುತ್ತದೆ, ಒಳಗಿದ್ದ ತಾರೀಖು, ಜಾಗದ ಮಾಹಿತಿಯನ್ನೂ ಕಿತ್ತುಹಾಕುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಥವಾ ಇಮೇಲ್ ಮಾಡಿ. ಪತ್ರಿಕೆಗೆ ಕೊಡುವುದಾದರೆ ಹೆಸರು ಹಾಕುತ್ತಾರೋ, ದುಡ್ಡು ಕೊಡುತ್ತಾರೋ ಅಂತ ಮೊದಲೇ ಕೇಳಿಬಿಡಿ, ನಾಚಿಕೆ ಬೇಡ. ಯಾರದ್ದಾದರೂ ಮನೆಯ ಫೋಟೊ ಆಗಿದ್ದರೆ ಮಾತ್ರ ಜಾಗದ ಮಾಹಿತಿ ತೆಗೆದು ಕಳಿಸಿ.

ಇನ್ನು ರುಮಾಲು ಸುತ್ತಿಕೊಂಡ ಕಾಕಾನ ಫೋಟೊ. ಅವರ ಮನೆಯಲ್ಲಿ ಮಗನದ್ದೋ ಮೊಮ್ಮಗಳದ್ದೋ ನಂಬರ್ ಇಸಿದುಕೊಂಡಿದ್ದರೆ ಅದನ್ನೂ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಕುಗ್ಗಿದ ಫೈಲನ್ನು ಸ್ಟುಡಿಯೊಕ್ಕೆ ಕೊಟ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿದರೆ ಮುಖ ಚುಕ್ಕಿಚುಕ್ಕಿಯಾಗಿ ಬರುತ್ತದೆ. ಮತ್ತೆ ಆ ಊರ ಕಡೆ ಹೋಗುವುದಿದ್ದರೆ ಒಂದು 4x6 ಪ್ರಿಂಟ್ ನೀವೇ ಹಾಕಿಸಿಕೊಂಡು ಹೋಗಿ.